ನೀಲಿಯನ್ನು ಕಡಿಯುವುದು

ಕೊಕೋ ಅಂದರೆ ನಮ್ಮಲ್ಲಿ ಅಜ್ಜಿ.
ಅವಳ ಎರಡೂ ಕಣ್ಣಲ್ಲಿ ಹಾಲು ಹೆಪ್ಪುಗಟ್ಟಿದ ವರ್ಷ
ಸೂಜಿಗೆ ದಾರ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಸಗಣಿ ಮೆತ್ತಿದ ಗೋಡೆಗೆ ಬೆನ್ನು ಕೊಟ್ಟು
ಕಾಲು ನೀಡಿ ಕೂರುವಳು.
ತೊಡೆಯ ಮೇಲೆ ಕರುವಿನ ಚರ್ಮ, ಅದರ ಮೇಲೆ
ಚಹಾಪುಡಿಯ ಆರು ಹಳೇ ಡಬ್ಬಿ.
ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ
"ಇದು ಕೆಂಪು. ತಳ ಕಂಡಿದೆ.
ಯಾವ ಮನೆಯಲ್ಲೂ ಮೊದಲು ಮುಗಿಯುವುದು ಕೆಂಪೇ" ಅನ್ನುವಳು.
ತಪ್ಪಿದ್ದನ್ನು ನಾನು ಕಾಣೆ.

ಮಣಿ ಎಲ್ಲಿಂದ ಬರುತ್ತವೆ ಅಂದರೆ ನೈರೋಬಿ ಅನ್ನುವಳು,
ಅದಕ್ಕೂ ಹಿಂದೆ ಎಲ್ಲೋ ಹಿಮ ಬೀಳುವ ಊರಿನ ಕುಲುಮೆ.
ತನ್ನ ಅಜ್ಜಿಯ ಕಾಲಕ್ಕೆ ಮೂಳೆ, ಬೀಜ, ಸುಟ್ಟ ಮಣ್ಣು ಇದ್ದವಂತೆ.
"ಗಾಜು ಅವರದು. ಸಾಲು ನಮ್ಮದು."

ಅಕ್ಕ ಸಿಯಾನೋಯ್ ಮದುವೆಗೆ ಇನ್ನು ಒಂದೇ ಹುಣ್ಣಿಮೆ.
ಹೆಗಲಗಲದ ಕೊರಳಪಟ್ಟಿ
ಸುತ್ತಿನಿಂದ ಸುತ್ತಿಗೆ ಬೆಳೆಯುತ್ತಿತ್ತು.

ಬಿಳಿ ಅಂದರೆ ಹಾಲು, ಕೆಂಪು ಅಂದರೆ ರಕ್ತ, ಹಸಿರು ಹುಲ್ಲು:
ಇದು ಸುಸ್ವಾ ಸಂತೆಯಲ್ಲಿ ಜೀಪಿನಿಂದ ಇಳಿದವರಿಗೆ
ಚಿಕ್ಕಮ್ಮ ಒಪ್ಪಿಸುವ ಪಾಠ. ಸುಳ್ಳೇನಲ್ಲ; ಮಾರಾಟವೂ ಆಗುತ್ತದೆ.
ಕೊಕೋ ಹಾಗೆ ವಿವರಿಸಿದ್ದು ನಾನು ಕೇಳಿಲ್ಲ.
ಅವಳಿಗೆ ಬಣ್ಣವೆಂದರೆ ದನ.
ಬಿಳಿಯನ್ನು ಕಪ್ಪು ಸೀಳಿದರೆ ಅದು ಅವಳಪ್ಪನ ಹೋರಿ,
ಲೊಯಿಟಾ ಗುಡ್ಡದಲ್ಲಿ ಸಿಂಹದ ಮುಂದೆ ಕಾಲೂರಿ ನಿಂತದ್ದು.
ಕೆಂಪಿನ ಮೇಲೆ ಬಿಳಿ ಚುಕ್ಕೆ, ಅವಳ ಜೊತೆ ಈ ಮನೆಗೆ ನಡೆದು ಬಂದ ಹಸು.
ಒದೆಯುವ ಚಾಳಿ. ಆದರೂ ಕೆಚ್ಚಲು ದೊಡ್ಡದು.
ದಾರ ಎಳೆಯುತ್ತ ಎಳೆಯುತ್ತ ಒಂದು ಮಂದೆಯನ್ನೇ
ಮುಳ್ಳುಬೇಲಿಯೊಳಗೆ ಕೂಡುತ್ತಿದ್ದಳು.

ನನಗಾಗ ಹನ್ನೆರಡು. ನನಗೆ ನೀಲಿ ಇಷ್ಟ.
ಅವಳು ತೂಕಡಿಸಿದಾಗ ಹಿಂಬದಿಯ ಸುತ್ತಿನಲ್ಲಿ
ನೀಲಿಯ ಮೇಲೆ ನೀಲಿ ಓಡಿಸಿದೆ.
"ಎಷ್ಟಾಯಿತು?" ಕಣ್ಣು ತೆರೆಯದೆ ಕೇಳಿದಳು.
ನಲವತ್ತಮೂರು.
"ಕಡಿ."
ಚೆನ್ನಾಗಿದೆ ಕೊಕೋ, ಮೋಡವಿಲ್ಲದ ಆಕಾಶದ ಹಾಗೆ.
"ಮೋಡವಿಲ್ಲದ ಆಕಾಶ ಚೆಂದ ಅನ್ನುವವರು
ದನ ಕಾಯ್ದವರಲ್ಲ. ಕಡಿ. ನಡುವೆ ಎರಡು ಕಿತ್ತಳೆ ಹಾಕು.
ಎಡವಿದಲ್ಲೇ ಕಣ್ಣು ನಿಂತು ನೋಡುವುದು."
ಕಡಿದೆ ಅಂದೆ.
ಕಡಿಯಲಿಲ್ಲ.

ಮದುವೆಯ ಬೆಳಿಗ್ಗೆ ಅಪ್ಪ ಬಾಯಿತುಂಬ ಹಾಲು ತುಂಬಿಕೊಂಡು
ಅಕ್ಕನ ನೆತ್ತಿಗೆ, ಎದೆಗೆ ಉಗುಳಿ ಹರಸಿದ.
ಹೊರಟ ಮದುಮಗಳು ಹಿಂತಿರುಗಿ ನೋಡಿದರೆ
ಕಲ್ಲಾಗುತ್ತಾಳೆ ಅನ್ನುತ್ತಾರೆ. ಅವಳು ನೋಡಲಿಲ್ಲ.
ಹೆಜ್ಜೆಗೊಮ್ಮೆ ಕೊರಳಪಟ್ಟಿ ಎದ್ದು ಬಿದ್ದು
ಅಂಚಿನ ತಗಡಿನ ಬಿಲ್ಲೆಗಳು ಸಣ್ಣಗೆ ಮಾತಾಡಿಕೊಳ್ಳುತ್ತ
ನಮ್ಮ ಕಡೆಗೆ ಉಳಿದದ್ದು ಅವಳ ಬೆನ್ನು,
ಬೆನ್ನ ಮೇಲೆ ನಲವತ್ತಮೂರು ನೀಲಿ.
ಎಲ್ಲರೂ ಅಕ್ಕನನ್ನು ನೋಡುತ್ತಿದ್ದರು. ನಾನು ನನ್ನ ಸುಳ್ಳನ್ನು.
ಪಕ್ಕದಲ್ಲಿ ಕೊಕೋ, ಮುಖವೆತ್ತಿ,
ಸದ್ದು ಸವೆಯುವ ತನಕ ನಿಂತಿದ್ದಳು.

ನಾಲ್ಕು ವರ್ಷಕ್ಕೆ ಅಕ್ಕ ಬಂದಳು, ಸೊಂಟದ ಮೇಲೆ ಮಗು.
ಕೊಕೋ ಆಗ ಇರಲಿಲ್ಲ.
ಮಗುವನ್ನು ಎತ್ತಿಕೊಳ್ಳುವ ಮೊದಲೇ
ನಾನು ಅವಳ ಹಿಂದೆ ಹೋಗಿ ನಿಂತೆ.
ನೀಲಿಯ ನಡುವೆ ಎರಡು ಕಿತ್ತಳೆ,
ಸಕ್ಕರೆ ಚೀಲದಿಂದ ಬಿಚ್ಚಿದ ಒರಟು ನೂಲಿನಲ್ಲಿ.
"ಮೂರನೇ ತಿಂಗಳು ಕಡಿದೆ" ಅಂದಳು.
"ಅತ್ತೆಯ ಡಬ್ಬಿಯಿಂದ ಕೇಳಿ ತಗೊಂಡೆ.
ಆಮೇಲೆ ಅಲ್ಲಿ ನಿದ್ದೆ ಬಂತು."
ಬಟ್ಟೆಯ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ
ನನ್ನ ಅಂಗೈಗೆ ಎರಡು ನೀಲಿ ಹಾಕಿದಳು.
ಬಾಯಿಗೆ ಹಾಕಿಕೊಳ್ಳಲು ಮಗು ಕೈ ಚಾಚಿತು.

ಡಬ್ಬಿಗಳು ಈಗ ನನ್ನವು.
ಒಂದರೊಳಗೆ ಅವನ್ನು ಬಿಟ್ಟು, ಮುಚ್ಚಿ,
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.
ನೀಲಿ.
ಇನ್ನೂ ಬೇಕಾದಷ್ಟಿದೆ.